ಮೊದಲ ಕಾರ್ಡ್ ಹೋಲ್ಡರ್‌ಗೆ ಕಪ್ಪು ಚುಕ್ಕೆ ಬಿದ್ದಿದೆ, ಚರ್ಮ ಹಾಳಾಯ್ತಾ?

ಹಾಸನದ_ಹೊಸಬ:
ಎಲ್ರಿಗೂ ನಮಸ್ಕಾರ. ಚರ್ಮದ ಕೆಲಸ ಶುರು ಮಾಡಿ ಎರಡು ತಿಂಗಳಾಯ್ತು ಅಷ್ಟೇ, ಅದೂ ಶನಿವಾರ ಭಾನುವಾರ ಮಾತ್ರ. ಆನ್‌ಲೈನಲ್ಲಿ 2,400 ರೂಪಾಯಿಗೆ ಒಂದು ಕಿಟ್ ತಗೊಂಡೆ, ಅದ್ರಲ್ಲಿ 32 ಸಾಮಾನು ಅಂತ ಬರೆದಿತ್ತು, ಇದುವರೆಗೂ ಏಳೋ ಎಂಟೋ ಯಾವುದಕ್ಕೆ ಅಂತ ಗೊತ್ತಾಗಿದೆ. ಹೋದ ವಾರ 1.5 ಎಂಎಂ ವೆಜ್ ಟ್ಯಾನ್ ಚರ್ಮದಲ್ಲಿ ಕಾರ್ಡ್ ಹೋಲ್ಡರ್ ಕಟ್ ಮಾಡಿ ಹೊಲಿದು, ಚಪ್ಪಟೆ ಕೂತ್ಕೊಳ್ಳಿ ಅಂತ ನೀರು ಸವರಿ ರಾತ್ರಿ ಅದರ ಮೇಲೆ ಭಾರ ಇಟ್ಟು ಮಲಗಿದೆ. ಬೆಳಗ್ಗೆ ನೋಡಿದ್ರೆ ಯಾರೋ ಇಂಕ್ ಪೆನ್ ಕೊಡವಿದ ಹಾಗೆ ನೀಲಿ-ಕಪ್ಪು ಚುಕ್ಕೆಗಳು, ಒಂದು ಮೂಲೇಲಿ ಅರ್ಧಚಂದ್ರದ ಥರ ಗೆರೆ ಬೇರೆ. ಅಮ್ಮ ನೋಡಿ "ಬೂಷ್ಟು ಹಿಡಿದಿದೆ ಕಣೋ, ಮೊದ್ಲು ದೇವರಮನೆ ಪಕ್ಕದಿಂದ ತೆಗಿ ಅದನ್ನ" ಅಂದ್ರು. ಅಂಗಡಿಯವನು ಹಳೇ ಚರ್ಮ ಕೊಟ್ಟು ಯಾಮಾರಿಸಿದ್ನಾ? ಇನ್ನೊಂದು, ಹೊಲಿಗೆ ಮುಂದಿನ ಕಡೆ ಪರವಾಗಿಲ್ಲ, ಹಿಂದೆ ತಿರುಗಿಸಿದ್ರೆ ಇರುವೆ ಸಾಲು ದಾರಿ ತಪ್ಪಿದ ಹಾಗಿದೆ. ಫೋಟೋ ಹಾಕಿದೀನಿ, ನಗ್ಬೇಡಿ.

ಮಡಿಕೇರಿ_ಮಳೆ:
ಅಮ್ಮ ಹೇಳಿದ್ದೇ ಸರಿ ಇರ್ಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಲ್ಟು ಶೂ ಬ್ಯಾಗು ಎಲ್ಲಕ್ಕೂ ಗಡ್ಡ ಬರುತ್ತೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ನೆರಳಲ್ಲಿ ಗಾಳಿಗೆ ಒಣಗಿಸಿ, ಬಿಸಿಲಿಗೆ ಇಟ್ರೆ ಬಿರುಕು ಬಿಡುತ್ತೆ. ಪ್ಲಾಸ್ಟಿಕ್ ಕವರ್‌ನಲ್ಲಂತೂ ಕಟ್ಟಿಡಲೇಬೇಡಿ, ಹಳೇ ಕಾಟನ್ ಪಂಚೆಲಿ ಸುತ್ತಿಡಿ. ಹಾಂ, ಬಿಳಿ ಪುಡಿ ಕಂಡಿದ್ದೆಲ್ಲ ಬೂಷ್ಟಲ್ಲ, ಹೇರ್ ಡ್ರೈಯರ್ ಹಿಡಿದು ನೋಡಿ, ಬಿಸಿಗೆ ಕರಗಿ ಮಾಯ ಆದ್ರೆ ಅದು ಚರ್ಮದ ಒಳಗಿನ ಕೊಬ್ಬು ಮೇಲೆ ಬಂದಿರೋದು, ಬಟ್ಟೆಲಿ ಉಜ್ಜಿದ್ರೆ ಮುಗೀತು. ನಾನು ಅದು ಗೊತ್ತಿಲ್ದೆ ಒಂದು ಒಳ್ಳೇ ಬೆಲ್ಟ್‌ನ ಮೂರು ಸಲ ವಿನೆಗರ್‌ನಲ್ಲಿ ತೊಳೆದು ಹಪ್ಪಳ ಮಾಡಿದೀನಿ.

ಅಥಣಿ_ಆರಿ:
ಬೂಷ್ಟ ಅಲ್ರೀ ಅದು. ಬೂಷ್ಟ ಅಂದ್ರ ಮ್ಯಾಲ ಕುಂತಿರತೈತಿ, ಉಗುರಲೆ ಕೆರದ್ರ ಏಳತೈತಿ. ಫೋಟೋದಾಗ ಚುಕ್ಕಿ ಒಳಗ ಇಳದಾವ, ಅಂಚಿಗೆ ನೀಲಿ ಹೊಡದೈತಿ. ಅದು ಕಬ್ಬಿಣದ ಕಲಿ. ಚರ್ಮ ಹಸಿ ಇದ್ದಾಗ ಕಬ್ಬಿಣ ಮುಟ್ಟೇತಿ. ಭಾರ ಇಟ್ಟಿದ್ದೆ ಅಂದ್ರಲ್ಲ, ಏನ್ ಇಟ್ಟಿದ್ರಿ?

ಹಾಸನದ_ಹೊಸಬ:
ಅಯ್ಯೋ. ತಾತನ ಅಂಗಡಿ ಕಾಲದ ತೂಕದ ಬಟ್ಟು, ಎರಡು ಕೆಜಿದು. ಮಧ್ಯೆ ಪೇಪರ್ ಹಾಕಿದ್ದೆ, ಸರಿದಿರ್ಬೇಕು, ಆ ಅರ್ಧಚಂದ್ರ ಬಟ್ಟಿನ ಅಂಚೇ! ಆದ್ರೆ ಚುಕ್ಕೆ ಎಲ್ಲಿಂದ ಬಂತು, ಅಲ್ಲಿ ಬಟ್ಟು ಮುಟ್ಟೇ ಇಲ್ಲ... ಇರಿ ಇರಿ, ಅದೇ ಟೇಬಲ್ ಮೇಲೆ ಸಂಜೆ ಕಿಟ್‌ನಲ್ಲಿ ಬಂದ ಆರಿ (ಚರ್ಮಕ್ಕೆ ತೂತು ಚುಚ್ಚೋ ದಬ್ಬಳ) ಮೊಂಡು ಅಂತ ಅರ ಹಾಕಿ ಚೂಪು ಮಾಡಿದ್ದೆ, ಪುಡೀನ ಕೈಯಲ್ಲೇ ಗುಡಿಸಿದ್ದೆ.

ಅಥಣಿ_ಆರಿ:
ಸಿಕ್ಕ ನೋಡ್ರಿ ಕಳ್ಳ. ಅಂಗಡಿಯಾಂವನ ತಪ್ಪಿಲ್ಲ ಬಿಡ್ರಿ.

ರಿಟೈರ್ಡ್_ಮೇಷ್ಟ್ರು:
ಇದು ನನ್ನ ಸಬ್ಜೆಕ್ಟು, ಸುಮ್ನೆ ಇರೋಕಾಗಲ್ಲ. ವೆಜ್ ಟ್ಯಾನ್ ಅಂದ್ರೆ ಮರದ ತೊಗಟೆ, ಕಾಯಿ ಇಂಥದ್ರಲ್ಲಿ ಹದ ಮಾಡಿದ ತೊಗಲು, ಅಂದ್ರೆ ಅದರ ತುಂಬಾ ಟ್ಯಾನಿನ್ ಇರುತ್ತೆ. ನಮ್ಮ ಕಡೆ ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿ ಬಳಸ್ತಿದ್ರು. ಟ್ಯಾನಿನ್‌ಗೆ ಒದ್ದೆಯಲ್ಲಿ ಕಬ್ಬಿಣ ಸಿಕ್ಕಿದ್ರೆ ನೀಲಿ-ಕಪ್ಪು ಬಣ್ಣ ಆಗುತ್ತೆ. ಹಿಂದೆ ಅಳಲೆಕಾಯಿ ಕುದಿಸಿದ ನೀರಿಗೆ ಅನ್ನಭೇದಿ ಹಾಕಿ ಬರೆಯೋ ಮಸಿ ಮಾಡ್ತಿದ್ರಲ್ಲ, ಅನ್ನಭೇದಿ ಅಂದ್ರೆ ಕಬ್ಬಿಣದ ಸಲ್ಫೇಟು, ನೀವು ರಾತ್ರಿ ನಿಮಗೆ ಗೊತ್ತಿಲ್ಲದೆ ಮಾಡಿದ್ದೂ ಅದೇ ಮಸಿ. ಯಾರೋ ಇಂಕ್ ಕೊಡವಿದ ಹಾಗೆ ಅಂದ್ರಿ, ಅದು ಇಂಕೇ ಸ್ವಾಮಿ. ಕ್ರೋಮ್ ಚರ್ಮದಲ್ಲಿ ಹೀಗಾಗಲ್ಲ, ಅದನ್ನ ಹದ ಮಾಡೋದು ಕ್ರೋಮಿಯಂ ಉಪ್ಪಿನಲ್ಲಿ, ಟ್ಯಾನಿನ್ನೇ ಇರಲ್ಲ.

ತೆಗೆಯೋದು ಹೇಗೆ: ನಿಂಬೆಹಣ್ಣು. ರಸ ಸೋಸಿ, ಅಷ್ಟೇ ನೀರು ಬೆರೆಸಿ, ಮೊದಲು ಒಂದು ಚೂರು ವೇಸ್ಟ್ ತುಂಡಿನ ಮೇಲೆ ಹಾಕಿ ನೋಡಿ. ಚುಕ್ಕೆ ಮೇಲೆ ಮಾತ್ರ ಹಾಕ್ಬೇಡಿ, ಆ ಕಡೆಯ ಪೂರ್ತಿ ಮುಖಕ್ಕೆ ಒಂದೇ ಸಮ ಸವರಿ, ಇಲ್ಲಾಂದ್ರೆ ಒಣಗಿದ ಮೇಲೆ ನೀರಿನ ಗೆರೆ ನಿಂತ್ಕೊಳ್ಳುತ್ತೆ. ಕಪ್ಪು ಬಿಟ್ಟ ಮೇಲೆ ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ ನೆರಳಲ್ಲಿ ಒಣಗಿಸಿ, ಆಮೇಲೆ ಒಂದು ತೊಟ್ಟು ಎಣ್ಣೆ. ಆಕ್ಸಾಲಿಕ್ ಆಸಿಡ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ ಆದ್ರೆ ಅದು ವಿಷ, ಮನೇಲಿ ಮಕ್ಕಳಿದ್ರೆ ಬೇಡ.

ಹಾಸನದ_ಹೊಸಬ:
ಮೇಷ್ಟ್ರೇ ಕೈ ಮುಗಿದೆ. ಅರ್ಧ ನಿಂಬೆಹಣ್ಣಲ್ಲಿ ಆಗೋಯ್ತು, ನೋಡ್ತಾ ನೋಡ್ತಾ ಚುಕ್ಕೆಗಳು ಕಂದು ಆಗಿ ಆಮೇಲೆ ಕಾಣ್ಲೇ ಇಲ್ಲ. ಅರ್ಧಚಂದ್ರ ಮಾತ್ರ ತೆಳ್ಳಗೆ ಉಳ್ಕೊಂಡಿದೆ, ಅಲ್ಲಿ ಭಾರ ಬಿದ್ದು ಒಳಗೆ ಇಳಿದಿರ್ಬೇಕು. ಅಮ್ಮ ಈಗ ಉಳಿದ ಅರ್ಧ ನಿಂಬೆಹಣ್ಣು ಎಲ್ಲಿ ಅಂತ ಕೇಳ್ತಿದಾರೆ.

ರಿಟೈರ್ಡ್_ಮೇಷ್ಟ್ರು:
ಉಳಿದ ಗೆರೆ ಬೇಜಾರಾದ್ರೆ ಪೂರ್ತಿ ಕಪ್ಪು ಮಾಡಿಬಿಡಿ, ಶತ್ರುವನ್ನೇ ಕೆಲಸಕ್ಕಿಟ್ಕೊಂಡ ಹಾಗೆ. ಪಾತ್ರೆ ತಿಕ್ಕೋ ಸ್ಟೀಲ್ ಜುಂಜು ನಡೆಯಲ್ಲ, ಅದಕ್ಕೆ ತುಕ್ಕು ಹಿಡಿಯಲ್ಲ. ಹಾರ್ಡ್‌ವೇರ್ ಅಂಗಡೀಲಿ ಪಾಲಿಶ್‌ಗೆ ಕೊಡೋ ಉಕ್ಕಿನ ಉಣ್ಣೆ ಅಥವಾ ತುಕ್ಕು ಹಿಡಿದ ಮೊಳೆ ತಂದು, ಸೋಪಿನಲ್ಲಿ ಎಣ್ಣೆ ಪಸೆ ತೊಳೆದು, ಬಿಳಿ ವಿನೆಗರ್‌ನಲ್ಲಿ ಒಂದೆರಡು ವಾರ ನೆನೆಹಾಕಿ. ಮುಚ್ಚಳ ಬಿಗಿ ಹಾಕ್ಬೇಡಿ, ಹೈಡ್ರೋಜನ್ ಬರುತ್ತೆ, ಬಾಟ್ಲು ಹಾರುತ್ತೆ, ದೀಪದ ಹತ್ರಾನೂ ಇಡ್ಬೇಡಿ. ಬಟ್ಟೇಲಿ ಸೋಸಿ ಚರ್ಮಕ್ಕೆ ಹಚ್ಚಿದ್ರೆ ಒಂದೇ ನಿಮಿಷದಲ್ಲಿ ಕಪ್ಪಾಗುತ್ತೆ. ಇದು ಮೇಲೆ ಬಳಿದ ಬಣ್ಣ ಅಲ್ಲ, ಚರ್ಮಾನೇ ಕಪ್ಪಾಗೋದು, ಅದಕ್ಕೆ ಕೈಗೆ ಬಟ್ಟೆಗೆ ಬಣ್ಣ ಹತ್ತೋದು ತೀರಾ ಕಮ್ಮಿ. ಕೊನೆಗೆ ಅಡುಗೆ ಸೋಡಾ ಹಾಕಿದ ನೀರಲ್ಲಿ ಒರೆಸಿ ಹುಳಿ ಮುರೀರಿ, ಮರೀಬೇಡಿ, ಹುಳಿ ಉಳಿದ್ರೆ ವರ್ಷ ಕಳೆಯೋದ್ರಲ್ಲಿ ಚರ್ಮ ಪುಡಿ ಪುಡಿ.

ಎರಡು_ಸೂಜಿ:
ಕಲೆ ಕತೆ ಮುಗೀತಲ್ಲ, ಈಗ ಹೊಲಿಗೆಗೆ ಬರೋಣ. ನಿಮ್ಮ ಹಿಂದಿನ ಫೋಟೋ ಝೂಮ್ ಮಾಡಿ ನೋಡಿದೆ. ಎರಡು ತಪ್ಪು ಇದೆ, ಎರಡೂ ನಾನೂ ಮಾಡಿದ್ದೇ.

ಒಂದು, ತೂತು ಹೊಡೀವಾಗ ಚೀಸಲ್ (ಫೋರ್ಕ್ ಥರ ಹಲ್ಲಿರೋ, ಸಾಲಾಗಿ ತೂತು ಹೊಡೆಯೋ ಹತ್ಯಾರ) ವಾಲಿದೆ. ಮುಂದೆ ಅಂಚಿನಿಂದ 3 ಎಂಎಂ ಗೆರೆ ಮೇಲೇ ಕೂತಿದೆ, ಆದ್ರೆ ಎರಡು ಪದರ ದಾಟಿ ಕೆಳಗೆ ಬರೋ ಅಷ್ಟರಲ್ಲಿ ಒಂದು ಕಡೆ 2, ಇನ್ನೊಂದು ಕಡೆ 4 ಆಗಿದೆ. ಬಲಗೈಯವರಿಗೆ ಸಾಮಾನ್ಯವಾಗಿ ಚೀಸಲ್ ತನ್ನ ಕಡೆಗೇ ವಾಲುತ್ತೆ, ಯಾಕಂದ್ರೆ ನಾವು ಮೇಲಿಂದ ಬಗ್ಗಿ ನೋಡ್ತೀವಿ, ನೇರ ಇದೆ ಅನ್ಸುತ್ತೆ. ತಲೆ ಟೇಬಲ್ ಮಟ್ಟಕ್ಕೆ ಇಳಿಸಿ ಪಕ್ಕದಿಂದ ನೋಡಿ, ಇಲ್ಲಾ ಫೋನ್‌ನ ಮುಂದೆ ನಿಲ್ಲಿಸಿ ವಿಡಿಯೋ ಮಾಡ್ಕೊಳಿ, ನಾಚಿಕೆ ಆಗೋ ಅಷ್ಟು ವಾಲಿರುತ್ತೆ. ಆರು ಹಲ್ಲಿನ ಚೀಸಲ್ ಇದ್ರೆ ಹಿಂದಿನ ಕೊನೇ ತೂತಿನಲ್ಲಿ ಒಂದು ಹಲ್ಲು ಕೂರಿಸಿ ಮುಂದಕ್ಕೆ ಹೋಗಿ, ಆಗ ಅಂತರ ತಪ್ಪಲ್ಲ. ತಿರುವಿನಲ್ಲಿ ಮಾತ್ರ ಎರಡು ಹಲ್ಲಿಂದು.

ಎರಡು, ನೀವು ಒಂದು ಸಲ ಎಡಗೈ ಸೂಜಿ ಮೊದ್ಲು, ಇನ್ನೊಂದು ಸಲ ಬಲಗೈ ಸೂಜಿ ಮೊದ್ಲು ಹಾಕಿದೀರ. ಎರಡು ಸೂಜಿ ಹೊಲಿಗೆಯಲ್ಲಿ ಮೊದಲನೇ ತೂತಿನಿಂದ ಕೊನೇ ತೂತಿನ ತನಕ ಒಂದೇ ಕ್ರಮ. ನಾನು ಎಡಗೈದು ಮೊದ್ಲು ಹಾಕಿ ಎಳೀತೀನಿ, ಆಮೇಲೆ ಆ ನೂಲನ್ನ ಸ್ವಲ್ಪ ಹಿಂದಕ್ಕೆ ಜಗ್ಗಿ ಹಿಡಿದು ಬಲಗೈ ಸೂಜೀನ ಅದರ ಕೆಳಗಡೆಯಿಂದ ತೂರಿಸ್ತೀನಿ. ಜಗ್ಗಿ ಹಿಡಿಯೋದು ಯಾಕೆ ಅಂದ್ರೆ ಸೂಜಿ ನೂಲನ್ನೇ ಚುಚ್ಚಿಬಿಟ್ರೆ ಮುಗೀತು, ಎಳೆಯೋಕೂ ಆಗಲ್ಲ ಬಿಚ್ಚೋಕೂ ಆಗಲ್ಲ. ಅದಕ್ಕೇ ತುದಿ ಮೊಂಡು ಇರೋ ಸೂಜಿ ತಗೊಳಿ, ಬಟ್ಟೆ ಹೊಲಿಯೋ ಚೂಪು ಸೂಜಿ ಬೇಡ, ತೂತು ಆಗ್ಲೇ ಆಗಿರುತ್ತಲ್ಲ. ಕ್ರಮ ತಪ್ಪಿದ ಕಡೆ ಆ ಒಂದು ಹೊಲಿಗೆ ಓರೆ ಬಿಟ್ಟು ಅಡ್ಡ ಮಲಗುತ್ತೆ, ಯಾರಿಗೂ ಕಾಣ್ದೇ ಇದ್ರೂ ನಿಮಗೆ ಕಾಣ್ತಾನೇ ಇರುತ್ತೆ.

ನೂಲು ಹೊಲಿಗೆ ಉದ್ದದ ನಾಲ್ಕು ಪಟ್ಟು, ಮೇಲೆ ಒಂದು ಮೊಳ. ನಾನು ಮೂರು ಪಟ್ಟು ತಗೊಂಡು ಇನ್ನು ನಾಲ್ಕು ತೂತು ಇದೆ ಅನ್ನೋವಾಗ ಖಾಲಿ ಮಾಡ್ಕೊಂಡು ಅತ್ತಿದೀನಿ. ಪರ್ಸಿಗೆಲ್ಲ 0.6 ಎಂಎಂ ಮೇಣ ಹಾಕಿದ ಪಾಲಿಯೆಸ್ಟರ್ ಸಾಕು, ಕಿಟ್‌ನಲ್ಲಿ ಕೊಡೋ 1 ಎಂಎಂ ನೂಲು ಗೋಣಿಚೀಲ ಹೊಲಿದ ಹಾಗೆ ಕಾಣುತ್ತೆ. ಕೊನೇಲಿ ಎರಡು ಹೊಲಿಗೆ ಹಿಂದಕ್ಕೆ ಬಂದು, ಹತ್ತಿರಕ್ಕೆ ಕತ್ತರಿಸಿ, ಲೈಟರ್ ಸೋಕಿಸಿ ಒತ್ತಿ.

ಶಿವಮೊಗ್ಗ_ಸ್ಟೂಡೆಂಟ್:
ಮೆಷಿನ್‌ನಲ್ಲಿ ಹೊಡೆದ್ರೆ ಐದು ನಿಮಿಷ ಅಲ್ವಾ ಮೇಡಂ, ಯಾಕಿಷ್ಟು ಕಷ್ಟ?

ಎರಡು_ಸೂಜಿ:
ಮೆಷಿನ್‌ದು ಮೇಲೊಂದು ನೂಲು ಕೆಳಗೊಂದು ನೂಲು, ಮಧ್ಯೆ ಕೊಂಡಿ ಹಾಕ್ಕೊಂಡಿರುತ್ತೆ. ಒಂದು ಕಡೆ ಸವೆದು ಕಿತ್ರೆ ಸಾಲಾಗಿ ಬಿಚ್ಚಿಕೊಳ್ಳೋಕೆ ಶುರು. ಕೈದರಲ್ಲಿ ಒಂದೇ ನೂಲಿನ ಎರಡು ತುದಿ ಪ್ರತಿ ತೂತಿನಲ್ಲೂ ಎದುರುಬದುರು ದಾಟಿರುತ್ತೆ, ಒಂದು ಕಿತ್ರೂ ಇನ್ನೊಂದು ಹಿಡ್ಕೊಂಡಿರುತ್ತೆ. ಟಿವಿ ನೋಡ್ತಾ ಹೊಲೀಬಹುದು ಅನ್ನೋದು ಬೋನಸ್ಸು.

ಬನಶಂಕರಿ_3ನೇ_ಮಹಡಿ:
ಹೊಲಿಗೆ ಸೈಲೆಂಟು, ತೂತು ಹೊಡೆಯೋದು ಸೈಲೆಂಟಲ್ಲ! ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ತಟ್ಟಿದ್ರು. ನಾನು ಕಂಡ್ಕೊಂಡಿದ್ದು ಹೇಳ್ತೀನಿ, ಗ್ರಾನೈಟ್ ಅಂಗಡೀಲಿ ಕಿಚನ್ ಸಿಂಕ್ ಕೂರಿಸೋಕೆ ಕಟ್ ಮಾಡಿ ತೆಗೆದ ತುಂಡು ಹಿಂದುಗಡೆ ಬಿದ್ದಿರುತ್ತೆ, ಕೇಳಿದ್ರೆ ಸುಮ್ನೆ ಕೊಡ್ತಾರೆ ಇಲ್ಲಾ ಟೀ ಕಾಸು. ಅದರ ಕೆಳಗೆ ಹಳೇ ಯೋಗ ಮ್ಯಾಟ್ ಎರಡು ಮಡಿಕೆ, ಮೇಲೆ ತರಕಾರಿ ಹೆಚ್ಚೋ ದಪ್ಪ ಪ್ಲಾಸ್ಟಿಕ್ ಬೋರ್ಡ್. ಗ್ರಾನೈಟ್ ಮೇಲೆ ನೇರವಾಗಿ ಹೊಡೆದ್ರೆ ಚೀಸಲ್ ಹಲ್ಲು ಮೊದಲನೇ ಏಟಿಗೇ ಹೋಗುತ್ತೆ. ಟೇಬಲ್ ಮಧ್ಯದಲ್ಲಿ ಹೊಡೀಬೇಡಿ, ಕಾಲು ಇರೋ ಮೂಲೆ ಮೇಲೆ ಹೊಡೀರಿ, ಅರ್ಧ ಸೌಂಡು ಕಮ್ಮಿ. ಕಬ್ಬಿಣದ ಸುತ್ತಿಗೆ ಬೇಡ, ಮರದ ಕೊಡತಿ ಅಥವಾ ನೈಲಾನ್, ಕಬ್ಬಿಣದ್ರಲ್ಲಿ ಹೊಡೆದ್ರೆ ಚೀಸಲ್ ತಲೆ ಅಣಬೆ ಥರ ಅರಳುತ್ತೆ.

ಅಥಣಿ_ಆರಿ:
ಹೊಡಿಯೋದ್ಯಾಕ್ರಿ? ಚೀಸಲ್ ಒತ್ತಿ ಗುರುತು ಮಾತ್ರ ಮಾಡ್ರಿ, ಆಮ್ಯಾಲ ಆರಿಲೆ ಒಂದೊಂದ ಚುಚ್ಚಿಕೋತ ಹೊಲೀರಿ. ಕೆಳಗಿನ ಮನಿಯವರು ಚಾಕ್ ಕರೀತಾರ. ಆದ್ರ ಆರಿ ಬರೋಬ್ಬರಿ ಹರಿತ ಇರಬೇಕ. ಹಳೇ ಬೆಲ್ಟಿನ ಹಿಂಬದಿ ಮ್ಯಾಲ ಹಸರು ಪಾಲಿಶ್ ಮೇಣ ತಿಕ್ಕಿ ಅದರಾಗ ಎಳೀರಿ, ಕೆಲಸಾ ಶುರು ಮಾಡೂ ಮುಂದ ಹತ್ತ ಸಲ, ನಡಬರಕ ಹತ್ತ ಸಲ. ಮೊಂಡ ಹತಾರ ಜೋರ ಬೇಡತೈತಿ, ಜೋರ ಹಾಕಿದ್ರ ಜಾರತೈತಿ, ಜಾರಿದ್ರ ಬೆರಳ. ನನ್ನ ಎಡಗೈ ಹೆಬ್ಬೆರಳಿನ್ಯಾಗ ಮೂರ ಗುರುತ ಅದಾವ, ಮೂರೂ ಮೊಂಡ ಹತಾರದ್ದ, ಹರಿತದ್ದ ಒಂದೂ ಇಲ್ಲ.

ಮ್ಯೂನಿಕ್_ಕನ್ನಡಿಗ:
ಹೊಸಬರಿಗೆ ಒಂದು ಮಾತು, ಆ 32 ಸಾಮಾನಿನ ಕಿಟ್ ಕಸದ ಬುಟ್ಟಿಗೆ ಹಾಕಿ. ಒಳ್ಳೇ ಪ್ರಿಕಿಂಗ್ ಐರನ್ (ಹೊಲಿಗೆ ತೂತಿನ ಗುರುತು ಒತ್ತೋ ಹಲ್ಲಿನ ಹತ್ಯಾರ) ಒಂದು ತಗೊಂಡ್ರೆ ಜೀವಮಾನ ಬರುತ್ತೆ. ನಾನು ಒಂದಕ್ಕೇ ನೂರು ಯೂರೋ ಕೊಟ್ಟಿದೀನಿ, ಪಶ್ಚಾತ್ತಾಪ ಇಲ್ಲ. ಚರ್ಮ 3-4 ಔನ್ಸ್ ತಗೊಳಿ.

ಬನಶಂಕರಿ_3ನೇ_ಮಹಡಿ:
ನೂರು ಯೂರೋ ಅಂದ್ರೆ ನನ್ನ ಇಡೀ ಹವ್ಯಾಸದ ಬಜೆಟ್ಟು ಗುರು. ಔನ್ಸ್ ಅಂದ್ರೆ ಎಷ್ಟು, ಇಲ್ಲಿ ಅಂಗಡೀಲಿ ಔನ್ಸ್ ಅಂದ್ರೆ ಕೆಮ್ಮಿನ ಔಷಧಿ ಅಂದ್ಕೋತಾರೆ.

ಎರಡು_ಸೂಜಿ:
ಒಂದು ಔನ್ಸ್ ಅಂದ್ರೆ ಸುಮಾರು 0.4 ಎಂಎಂ, ಅವರು ಹೇಳಿದ್ದು 1.2ರಿಂದ 1.6. ಕಾರ್ಡ್ ಹೋಲ್ಡರ್‌ಗೆ 1.2 ಹೊರಗೆ, ಒಳಗಿನ ಜೇಬಿಗೆ 0.8 ಸಿಕ್ರೆ ಚೆಂದ. ಎಲ್ಲಾನೂ 1.5ರಲ್ಲೇ ಮಾಡಿದ್ರೆ ಮೂರು ಪದರ ಸೇರಿದ ಕಡೆ ಇಟ್ಟಿಗೆ. ಬೆಲ್ಟಿಗೆ 3.5ರಿಂದ 4.

ಸಾಮಾನಿನ ವಿಷಯಕ್ಕೆ, ನೂರು ಯೂರೋನೂ ಬೇಡ, 32 ಸಾಮಾನೂ ಬೇಡ. ಕಟ್ಟರ್ ಮತ್ತು ಎಕ್ಸ್‌ಟ್ರಾ ಬ್ಲೇಡು, ಸ್ಟೀಲ್ ಸ್ಕೇಲು (ಹಿಂದೆ ಉಪ್ಪುಕಾಗದ ಅಂಟಿಸಿ, ಜಾರಲ್ಲ), 4 ಎಂಎಂ ಅಂತರದ ಡೈಮಂಡ್ ಚೀಸಲ್ ಎರಡು ಹಲ್ಲಿಂದು ಆರು ಹಲ್ಲಿಂದು, ಕೊಡತಿ, ಸೂಜಿ, ನೂಲು, ಅಂಟು, 400 ನಂಬರ್ ಉಪ್ಪುಕಾಗದ, ಇಷ್ಟರಲ್ಲಿ ಒಂದು ವರ್ಷ ಕಳೀಬಹುದು. ಹೂವು ಎಲೆ ಒತ್ತೋ ಅಚ್ಚುಗಳ ಸೆಟ್ ಅಂತೂ ಈಗ್ಲೇ ಬೇಡ, ನಾನು ತಗೊಂಡಿದ್ದು ಮಗಳು ಪ್ಲೇಡೋ ಮೇಲೆ ಒತ್ತಿ ಆಡ್ತಾಳೆ. ಉಳಿದ ದುಡ್ಡಲ್ಲಿ ಚರ್ಮ ತಗೊಳಿ, ಮೊದ್ಲು ಕೆಜಿ ಲೆಕ್ಕದಲ್ಲಿ ಸಿಗೋ ಚೂರುಗಳು, ಅದ್ರ ಮೇಲೆ ಉದ್ದಕ್ಕೆ ಬರೀ ಹೊಲಿಗೆ ಹಾಕ್ತಾ ಇರಿ. ಕಟ್ ಮಾಡೋವಾಗ ಒಂದೇ ಎಳೆತಕ್ಕೆ ಕತ್ತರಿಸೋ ಹುಚ್ಚು ಬೇಡ, ಹಗೂರಕ್ಕೆ ಮೂರು ಸಲ.

ಅಥಣಿ_ಆರಿ:
ನಮ್ಮಜ್ಜನ ಹತ್ರ ಇದ್ದದ್ದ ಒಂದ ರಂಪಿಗಿ, ಎರಡ ಆರಿ, ಒಂದ ಕಲ್ಲ, ಒಂದ ಕೊಡತಿ. ಅಷ್ಟರಾಗ ಮನಿ ನಡಸ್ಯಾನ. ರಂಪಿಗಿಲೆ ಕತ್ತರಸೂದು ಅದಾ, ಹೆರೆಯೂದು ಅದಾ. ಅಂಚ ಹೆರದ ತೆಳ್ಳಗ ಮಾಡೂದ ಕಲೀರಿ ಮೊದಲ, ಮಡಚಿದ ಕಡೆ ದಪ್ಪ ಆಗಂಗಿಲ್ಲ. ಕಲ್ಲಿನ ಮ್ಯಾಲ ಚರ್ಮ ಹಿಂಬದಿ ಮಾಡಿ ಇಟ್ಟ, ಅಲಗ ಮಲಗಿಸಿ, ನಿಮ್ಮಿಂದ ದೂರ ದೂಡ್ರಿ.

ಕುಡ್ಲದ_ಬೆಲ್ಟ್:
ನಮ್ಮದೂ ಒಂದು ಕತೆ ಉಂಟು ಮಾರಾಯ್ರೆ. ಅರ್ಧ ತೊಗಲು ತಂದು ಬೆಲ್ಟ್ ಕಟ್ ಮಾಡ್ಲಿಕ್ಕೆ ಹೋದೆ, ಬೆನ್ನಿನ ಕಡೆ ಚಂದ ಉಂಟು ಅದು ಬ್ಯಾಗಿಗೆ ಇರ್ಲಿ ಅಂತ ಹೊಟ್ಟೆ ಕಡೆಯಿಂದ ಪಟ್ಟಿ ತೆಗ್ದೆ, ಅದೂ ಅಡ್ಡಕ್ಕೆ. ಒಂದು ತಿಂಗಳಲ್ಲಿ ನೇಂದ್ರ ಬಾಳೆಕಾಯಿ ಹಾಗೆ ಬಗ್ಗಿತು, ಎರಡು ತೂತಿನಷ್ಟು ಉದ್ದ ಆಯ್ತು. ಹೆಂಡ್ತಿ "ನೀವು ತೆಳ್ಳಗೆ ಆದ್ರಾ ಎಂತ" ಅಂತ ಖುಷಿ ಪಟ್ಟಳು. ಹೊಟ್ಟೆ ಭಾಗದ ಚರ್ಮ ಸಡಿಲ, ಎಳೆದಷ್ಟು ಬರ್ತದೆ. ಬೆಲ್ಟು, ಬ್ಯಾಗಿನ ಹಿಡಿ ಎಲ್ಲ ಬೆನ್ನುಮೂಳೆಗೆ ಸಮ ಉದ್ದಕ್ಕೇ ತೆಗೀಬೇಕು. ಎರಡೂ ಕಡೆ ಹಿಡಿದು ಜಗ್ಗಿ ನೋಡಿ, ಎತ್ತ ಕಡಿಮೆ ಎಳೀತದೋ ಅದೇ ಉದ್ದ.

ಮತ್ತೆ ಎಣ್ಣೆ, ಅಜ್ಜ ಕೊಲ್ಲಾಪುರಿ ಚಪ್ಪಲಿಗೆ ಹರಳೆಣ್ಣೆ ಹಾಕ್ತಿದ್ರು, ನಾನೂ ಅದೇ. ಆದ್ರೆ ಕುಡಿಸ್ಬೇಡಿ, ಬಟ್ಟೆಗೆ ನಾಲ್ಕು ಹನಿ ಹಾಕಿ ಉಜ್ಜಿದ್ರೆ ಸಾಕು, ಜಾಸ್ತಿ ಆದ್ರೆ ಚರ್ಮ ಮೆತ್ತಗೆ ಆಗಿ ಧೂಳು ಹಿಡೀತದೆ.

ಶಿವಮೊಗ್ಗ_ಸ್ಟೂಡೆಂಟ್:
ನನಗೂ ಒಂದು ಡೌಟು. ಎಟಿಎಂ ಕಾರ್ಡ್ ಅಳತೆ ನೋಡಿ ಜೇಬು 87 ಎಂಎಂ ಅಗಲ ಕಟ್ ಮಾಡಿ ಹೊಲಿದೆ, ಈಗ ಕಾರ್ಡ್ ಒಳಗೇ ಹೋಗ್ತಿಲ್ಲ. ಚರ್ಮ ಕುಗ್ಗಿತಾ?

ಎರಡು_ಸೂಜಿ:
😄 ಚರ್ಮ ಕುಗ್ಗಿಲ್ಲ, ಲೆಕ್ಕ ಕುಗ್ಗಿದೆ. ಕಾರ್ಡ್ 85.6 ಅಗಲ, 54 ಎತ್ತರ. ಎರಡೂ ಕಡೆ ಅಂಚಿನಿಂದ ಹೊಲಿಗೆಗೆ 3, 3 ಹೋಯ್ತು, ಉಳಿದದ್ದು 81. ಹೊರಗಿನ ಅಗಲ 100 ಹತ್ರ ಇಟ್ಕೊಳಿ. ಮೊದಲು ಹಾಲಿನ ಡಬ್ಬಿ ರಟ್ಟಿನಲ್ಲಿ ಮಾಡಿ ಸ್ಟೇಪಲ್ ಹೊಡೆದು ಕಾರ್ಡ್ ಹಾಕಿ ನೋಡಿ, ಚರ್ಮ ಆಮೇಲೆ. ಈಗ ಮಾಡಿದ್ದಕ್ಕೆ ಸಿಮ್ ಪಿನ್ನು, ಇಯರ್‌ಫೋನ್ ಇಟ್ಕೊಳಿ.

ಹಾಸನದ_ಹೊಸಬ:
ಅಂಚು ಫಿನಿಶ್ ಮಾಡೋದು ಹೇಗೆ? ನಂದು ಹಳೇ ಬ್ರಶ್ ಥರ ಎಳೆ ಎಳೆ ಇದೆ. ಇನ್ನೊಂದು, ಅಂಗಡಿಯವರು ವೆಜ್ ಟ್ಯಾನ್ ಅಂತಾನೇ ಎಲ್ಲಾನೂ ಮಾರ್ತಾರೆ, ಗುರುತಿಸೋದು ಹೇಗೆ?

ಬನಶಂಕರಿ_3ನೇ_ಮಹಡಿ:
ಎರಡಕ್ಕೂ ಉತ್ತರ ಒಂದೇ ಕಡೆಯಿಂದ ಶುರು ಆಗುತ್ತೆ. ವೆಜ್ ಟ್ಯಾನ್ ಅಂಚು ಮಾತ್ರ ಉಜ್ಜಿದ್ರೆ ಹೊಳೆಯುತ್ತೆ, ಕ್ರೋಮ್‌ದು ಎಷ್ಟು ಉಜ್ಜಿದ್ರೂ ಸ್ಪಾಂಜ್ ಸ್ಪಾಂಜೇ, ಅದಕ್ಕೆ ಎಡ್ಜ್ ಪೇಂಟ್ ಹಚ್ಚಬೇಕು ಇಲ್ಲಾ ಮಡಚಿ ಹೊಲೀಬೇಕು. ನಾನು ಮೂರು ಭಾನುವಾರ ಕ್ರೋಮ್ ಅಂಚು ಉಜ್ಜಿ ಭುಜ ನೋವು ಮಾಡ್ಕೊಂಡವನು.

ಗುರುತಿಸೋಕೆ: ಕತ್ತರಿಸಿದ ಅಂಚು ನೋಡಿ, ಮಧ್ಯದಲ್ಲಿ ನೀಲಿ-ಬೂದು ಪಟ್ಟಿ ಕಂಡ್ರೆ ಕ್ರೋಮ್. ಬಣ್ಣ ಹಾಕದ ಚರ್ಮದ ಮೇಲೆ ಒಂದು ಹನಿ ನೀರು ಬಿಡಿ, ಹೀರಿಕೊಂಡು ಕಪ್ಪಾದ್ರೆ ವೆಜ್ ಇರೋ ಚಾನ್ಸ್ ಜಾಸ್ತಿ. ಸಣ್ಣ ಚೂರು ಸುಟ್ಟು ಬೂದಿ ನೋಡೋದೂ ಇದೆ, ಕ್ರೋಮ್‌ದು ಹಸಿರು ಛಾಯೆ ಬರುತ್ತೆ, ಆದ್ರೆ ಆ ಹೊಗೆ ಒಳ್ಳೇದಲ್ಲ, ಬಾಲ್ಕನೀಲಿ ದೂರ ಹಿಡಿದು ಮಾಡಿ. ಇವೆಲ್ಲಕ್ಕಿಂತ ಈಗ ನಿಮಗೆ ಹೊಸ ಟೆಸ್ಟ್ ಗೊತ್ತಾಗಿದ್ಯಲ್ಲ, ಒದ್ದೆ ಮಾಡಿ ಕಬ್ಬಿಣ ಇಡಿ, ಕಪ್ಪಾದ್ರೆ ವೆಜ್ಜು!

ಅಂಚಿಗೆ: ಪದರಗಳನ್ನ ಉಪ್ಪುಕಾಗದದಲ್ಲಿ ಒಂದೇ ಮಟ್ಟ ಮಾಡಿ, 400 ಆಮೇಲೆ 800. ಬೆರಳಲ್ಲಿ ನೀರು ಸವರಿ ಬರೀ ತೇವ ಮಾಡಿ, ಗೋಂದ್ ಕತೀರಾ ನೆನೆಸಿದ ಲೋಳೆ ತೆಳ್ಳಗೆ ಹಚ್ಚಿ, ಹಳೇ ಜೀನ್ಸ್ ಬಟ್ಟೇಲಿ ಜೋರಾಗಿ ಬೇಗಬೇಗ ಉಜ್ಜಿ. ಒತ್ತಬೇಡಿ, ಒತ್ತಿದ್ರೆ ಅಂಚು ಎರಡೂ ಕಡೆ ಚಪ್ಪಟೆಯಾಗಿ ಹೊರಳುತ್ತೆ. ಬೆಚ್ಚಗಾಗಿ ಸದ್ದು ಬದಲಾಗುತ್ತೆ, ಮೊದ್ಲು ಚರಚರ ಅಂತಿದ್ದದ್ದು ಜಾರೋ ಥರ ಸುಯ್ ಅನ್ನುತ್ತೆ, ಆಗ ನೋಡಿ, ಕಾಫಿ ಬೀಜದ ಹೊಳಪು. ಕೊನೆಗೆ ಜೇನುಮೇಣ.

ಅಂಟಿನ ಬಗ್ಗೆ ಯಾರೂ ಹೇಳಿಲ್ಲ ಅಲ್ವಾ. ಮೋಚಿಯವರು ಸಲ್ಯೂಷನ್ ಅಂತಾರಲ್ಲ, ಫೆವಿಕಾಲ್ ಎಸ್‌ಆರ್ 998 ಥರದ್ದು. ಎರಡೂ ಮುಖ ಗೀರಿ ಒರಟು ಮಾಡಿ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗೋ ತನಕ ಕಾಯಿರಿ, ಆಮೇಲೆ ಕೂಡಿಸಿ, ಕೂಡಿಸಿದ ಮೇಲೆ ಅಲ್ಲಾಡ್ಸೋಕಾಗಲ್ಲ. ಕಿಟಕಿ ತೆಗೆದಿಡಿ, ತಲೆ ತಿರುಗುತ್ತೆ.

ಚರ್ಮ ಒಂದೇ ಸಲ ಹತ್ತಾರು ಥರ ನೋಡ್ಬೇಕು ಅಂದ್ರೆ ಚೆನ್ನೈ ಪೆರಿಯಮೇಟ್‌ಗೆ ಹೋಗ್ಬನ್ನಿ, ಸೆಂಟ್ರಲ್ ಸ್ಟೇಷನ್ ಪಕ್ಕಾನೇ. ಚದರ ಅಡಿ ಲೆಕ್ಕ. ವಾಪಸ್ ಬರೋವಾಗ ಜೇಬಲ್ಲಿ ರೈಲು ಚಾರ್ಜ್ ಎತ್ತಿಟ್ಕೊಳಿ.

ಶಿವಮೊಗ್ಗ_ಸ್ಟೂಡೆಂಟ್:
ಎಲ್ಲಾ ಓಕೆ, ಆದ್ರೆ ಒಂದು ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಹಾಸ್ಟೆಲ್‌ನಲ್ಲಿ ನಾನು ಹೊಲೀತಾ ಕೂತ್ರೆ ಫ್ರೆಂಡ್ಸ್ ಕಿಂಡಲ್ ಮಾಡ್ತಾರೆ, "ಡಿಗ್ರಿ ಮುಗಿಸಿ ಬಸ್‌ಸ್ಟ್ಯಾಂಡ್‌ನಲ್ಲಿ ಕೂತ್ಕೋತೀಯಾ" ಅಂತ. ಊರಲ್ಲಿ ಅಜ್ಜಿಗೆ ಫೋಟೋ ತೋರ್ಸಿದ್ರೆ "ನಮ್ಮನೇಲಿ ಯಾರೂ ಇಂಥಾ ಕೆಲಸ ಮಾಡಿಲ್ಲ" ಅಂದ್ರು. ನಿಮಗೆಲ್ಲ ಹೀಗಾಗಿದ್ಯಾ?

ಅಥಣಿ_ಆರಿ:
ನಮ್ಮನ್ಯಾಗ ಎಲ್ಲಾರೂ ಇದ ಕೆಲಸಾ ಮಾಡ್ಯಾರ ತಮ್ಮಾ.

ಅಜ್ಜ ಚಪ್ಪಲಿ ಮಾಡ್ತಿದ್ದ, ಆಯಿ ವೇಣಿ ಹೆಣೀತಿದ್ಲು, ಪಟ್ಟಾದ ಮ್ಯಾಲ ಹಾಕ್ತಾರಲ್ಲ ಆ ಜಡಿ. ಸಾಲ್ಯಾಗ ನಾ ಹಿಂದಿನ ಬೇಂಚಿನ್ಯಾಗ ಕುಂದ್ರತಿದ್ದೆ, ಕೈಗೆ ಹದದ ವಾಸನಿ ಇರತಿತ್ತ ಅಂತ. ಯಾರೂ ಕುಂದರ ಅಂದಿದ್ದಿಲ್ಲ, ನಾನಾ ಹೋಗಿ ಕುಂದ್ರತಿದ್ದೆ. ಈಗ ಅದ ವಾಸನಿಗೆ ಮಂದಿ "ನ್ಯಾಚುರಲ್ ವೆಜ್ ಟ್ಯಾನ್ ಸ್ಮೆಲ್" ಅಂತ ಬರದ ಮಾರತಾರ. 2019ರಾಗ ಕೊಲ್ಲಾಪುರಿ ಚಪ್ಪಲಿಗೆ ಜಿಐ ಸಿಕ್ತ, ಅಂದ್ರ ಇದು ಇಂಥಾ ಊರಿಂದಾ ಅನ್ನೂ ಸರ್ಕಾರದ ಗುರುತ, ಮಹಾರಾಷ್ಟ್ರದ ನಾಕ ಜಿಲ್ಲಾ, ನಮ್ಮ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟಿ, ವಿಜಯಪುರ ನಾಕ. ಹೆಸರ ಕೊಲ್ಲಾಪುರದ್ದ ಇದ್ರೂ ಮಾಡೂ ಕೈ ಅಥಣಿ ನಿಪ್ಪಾಣಿ ಕಡೆದೂ ಭಾಳ ಅದಾವ, ಅದನ್ನ ಎಷ್ಟ ಮಂದಿ ಬಲ್ಲರೊ. 2025ರ ಜೂನ್‌ದಾಗ ಮಿಲಾನ್ ಫ್ಯಾಶನ್ ಶೋದಾಗ ಅಂಥಾವ ಚಪ್ಪಲಿ ಬಂದಾಗ ಊರಿಗೆ ಕ್ಯಾಮೆರಾ ಬಂದ್ವು, ಎಂಟ ದಿವಸ ಇದ್ವು, ಹೋದ್ವು.

ನೀವು ಮಾಡಬ್ಯಾಡ್ರಿ ಅನ್ನಂಗಿಲ್ಲ. ಮಾಡ್ರಿ, ಚಲೋ ಮಾಡ್ರಿ, ನನಗ ಗೊತ್ತಿದ್ದದ್ದ ಎಲ್ಲಾ ಹೇಳತೇನಿ. ಆದ್ರ ಯೂಟ್ಯೂಬ್‌ದಾಗ ಜಪಾನದಾಂವನ ನೋಡಿ ಕಲಿಯೂ ಮಂದಿ, ನಿಮ್ಮ ಬಸ್‌ಸ್ಟ್ಯಾಂಡಿನ್ಯಾಗ ಛತ್ರಿ ಕೆಳಗ ಕುಂತಾಂವ ನಲವತ್ತ ವರ್ಷ ಅದ ಆರಿ ಹಿಡದಾನ, ಅವಂಗ ಹೋಗಿ ಕೇಳೀರೇನ? ಕೇಳೂ ಮುಂದ "ಏ" ಅನಬ್ಯಾಡ್ರಿ, ಮತ್ತ ಹೇಳಿಕೊಟ್ರ ರೊಕ್ಕಾ ಕೊಡ್ರಿ. ಕ್ಲಾಸಿಗೆ ಸಾವಿರಗಟ್ಟಲೆ ಕೊಡತೀರಲ್ಲ. ಅಜ್ಜಿಗೆ ಏನೂ ಅನಬ್ಯಾಡ. ಒಂದ ಸಂಚಿ ಹೊಲದ ಕೊಡ, ಎಲಿ ಅಡಕಿ ಹಾಕ್ಕೊಳ್ಳಾಕ.

ರಿಟೈರ್ಡ್_ಮೇಷ್ಟ್ರು:
ವಚನಕಾರ ಮಾದಾರ ಚೆನ್ನಯ್ಯನ ಅಂಕಿತದಲ್ಲೇ ಕೈಯುಳಿ ಇದೆ, ಕತ್ತಿ ಇದೆ, ಅಡಿಗುಂಟ ಇದೆ. ದೇವರ ಹೆಸರಿಗೇ ತನ್ನ ಹತ್ಯಾರ ಸೇರಿಸಿಕೊಂಡ ಮನುಷ್ಯ. ಕ್ಲಾಸಲ್ಲಿ ಇದನ್ನ ಮೂವತ್ತು ವರ್ಷ ಹೇಳಬಹುದಿತ್ತು, ನಾನು ಕೆಮಿಸ್ಟ್ರಿ ಮೇಷ್ಟ್ರು, ಹೇಳಲಿಲ್ಲ.

ಮ್ಯೂನಿಕ್_ಕನ್ನಡಿಗ:
ಜಪಾನಿನವನ ವಿಡಿಯೋ ನೋಡಿ ಕಲಿತವರಲ್ಲಿ ನಾನೂ ಒಬ್ಬ. ನಮ್ಮ ರಾಣೆಬೆನ್ನೂರು ಮನೆ ಎದುರಿಗೇ ಒಬ್ರು ಕೂತಿರ್ತಿದ್ರು, ಅವರ ಹೆಸರು ಕೂಡ ನನಗೆ ಗೊತ್ತಿಲ್ಲ.

ಹಾಸನದ_ಹೊಸಬ:
ಎರಡು ವಾರ ಆದ್ಮೇಲೆ ಬರ್ತಿದೀನಿ. ಹೋಗಿದ್ದೆ. ನಮ್ಮ ಬಸ್‌ಸ್ಟ್ಯಾಂಡ್ ಗೇಟ್ ಹತ್ರ ಒಬ್ರು ಯಜಮಾನ್ರು ಇದಾರೆ, ಕಾರ್ಡ್ ಹೋಲ್ಡರ್ ಕೈಗೆ ಕೊಟ್ಟೆ. ಅವರು ಮುಂದೆ ನೋಡ್ಲೇ ಇಲ್ಲ, ಸೀದಾ ತಿರುಗಿಸಿ ಹಿಂದೆ ನೋಡಿದ್ರು, ಹೆಬ್ಬೆರಳಲ್ಲಿ ಹೊಲಿಗೆ ಸವರ್ಕೊಂಡು ಹೋಗಿ ಒಂದು ಕಡೆ ನಿಂತ್ರು, "ಇಲ್ಲಿ ಯಾರೋ ಕರೆದ್ರಾ?" ಅಂದ್ರು. ನಿಜವಾಗ್ಲೂ ಅಲ್ಲಿ ಫೋನ್ ಬಂದಿತ್ತು!

ಅವರು ಹೊಲಿಯೋದು ಎರಡು ಸೂಜೀಲಲ್ಲ, ತುದೀಲಿ ಕೊಕ್ಕೆ ಇರೋ ಆರಿ. ಮೇಲಿಂದ ಚುಚ್ತಾರೆ, ಕೆಳಗೆ ಎಡಗೈ ಕಾಣದೇ ಇರೋ ಜಾಗದಲ್ಲಿ ನೂಲನ್ನ ಕೊಕ್ಕೆಗೆ ಸಿಗಿಸ್ತಾರೆ, ಕುಣಿಕೆ ಮೇಲೆ ಬರುತ್ತೆ, ಅದರೊಳಗೆ ಇನ್ನೊಂದು ತುದಿ ತೂರಿಸಿ ಎರಡೂ ಕಡೆ ಎಳೀತಾರೆ. ನಾನು ಒಂದು ಹೊಲಿಗೆ ಹಾಕೋ ಹೊತ್ತಿಗೆ ಅವರದು ಎಂಟು, ಅದೂ ನನ್ನ ಜೊತೆ ಮಾತಾಡ್ತಾ ರಸ್ತೆ ನೋಡ್ತಾ. ನನ್ನ ಆರೀನ ಉಗುರಿಗೆ ಒರಗಿಸಿ ನೋಡಿ, ಜಾರ್ತಿದೆ, ಉಗುರಿಗೆ ಕಚ್ಚಬೇಕು ಅಂತ ಹೇಳಿ ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ಕೊಟ್ರು. ಅರ ಹಾಕಿ ಅದನ್ನ ಗರಗಸ ಮಾಡಿದೀಯ ಅಂತ ಬೈದ್ರು. ನೂರು ಕೊಟ್ಟೆ, ನೋಡ್ದೇನೇ ಡಬ್ಬಿಗೆ ಹಾಕ್ಕೊಂಡ್ರು. ಹೆಸರು ಕೇಳಿದೀನಿ, ಇಲ್ಲಿ ಬರೆಯಲ್ಲ.

ಎರಡನೇ ಕಾರ್ಡ್ ಹೋಲ್ಡರ್ ಮುಗೀತು, ಫೋಟೋ ಹಾಕಿದೀನಿ, ಈ ಸಲ ಹಿಂದುಗಡೇದೇ ಮೊದ್ಲು. ಭಾರಕ್ಕೆ ಅಮ್ಮನ ಕಲ್ಲಿನ ಕುಟ್ಟಾಣಿ ಇಟ್ಟಿದ್ದೆ.

ಎರಡು_ಸೂಜಿ:
ಸಾಲು ನೇರ ಬಂದಿದೆ! ಅಂಚೂ ಚೆನ್ನಾಗಿದೆ. ನೂಲು ಸ್ವಲ್ಪ ಜಾಸ್ತಿ ಎಳೆದಿದೀರ, ಚರ್ಮ ಅಲ್ಲಲ್ಲಿ ಸುಕ್ಕಾಗಿದೆ.

ಅಥಣಿ_ಆರಿ:
ಚಲೋ ಆಗೇತಿ. ಬಲಗಡೆಯಿಂದ ಐದನೇದ್ದ ಉಲ್ಟಾ ಬಿದ್ದೈತಿ ನೋಡ್ರಿ. ಬಿಚ್ಚಬ್ಯಾಡ್ರಿ, ಇರ್ಲಿ.

ಹಾಸನದ_ಹೊಸಬ:
ಅದು ಅಮ್ಮ ಊಟಕ್ಕೆ ಕರೆದಾಗ.